ಸೆಲ್ಫ್ ಸ್ಟಾರ್ಟ್: ಬ್ರಷ್ ಬದಲಿಸುವುದೋ, ಹೊಸ ಮೋಟರ್ ಹಾಕುವುದೋ?

ಸ್ಕೂಟರ್ ಅಥವಾ ಬೈಕಿನ ರಿಲೇ (ಮೋಟರಿಗೆ ವಿದ್ಯುತ್ ಹರಿಸುವ ಸ್ವಿಚ್) ‘ಟಕ್’ ಎಂದರೂ ಸ್ಟಾರ್ಟರ್ ಮೋಟರ್ ತಿರುಗದಿದ್ದಾಗ, ಅದರೊಳಗಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಿಸಬೇಕೋ, ಹೊಸ ಮೋಟರನ್ನೇ ತರಬೇಕೋ ಎಂದು ಕೇಳಿದ್ದೀರಿ. ಗುಂಡಿ ಒತ್ತಿದಾಗ ಬ್ಯಾಟರಿಯ ವೋಲ್ಟೇಜ್ 12.6ರ ಆಸುಪಾಸಿನಿಂದ 9ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಬೇಕು. ಅಷ್ಟೇನೂ ಇಳಿಯದಿದ್ದರೆ ರಿಲೇಯ ಸಂಪರ್ಕಗಳನ್ನು ಪರೀಕ್ಷಿಸಿ, ಆಮೇಲೆ ಮೋಟರಿಗೆ ಕೈಹಾಕುವುದು ಸರಿ.

ಖರ್ಚಿನಲ್ಲಿ ಬ್ರಷ್‌ಗೆ ಸಾಟಿಯಿಲ್ಲ. ಆದರೆ ಬಾಳಿಕೆ ನಿಂತಿರುವುದು ಕಮ್ಯುಟೇಟರಿನ (ಬ್ರಷ್ ತಾಗುವ, ಮೋಟರಿನೊಳಗೆ ತಿರುಗುವ ಭಾಗದ) ಮೇಲೆ: ತಾಮ್ರದ ಪಟ್ಟಿಗಳು ಕೇವಲ ಕಪ್ಪಾಗಿದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಿನ ಸಂದುಗಳಲ್ಲಿ ಕೂತ ಇಂಗಾಲದ ಪುಡಿಯನ್ನು ತೆಗೆದರೆ ಸಾಕು, ಬೆರಳಿಗೆ ತಾಗುವಷ್ಟು ಆಳವಾಗಿ ಸವೆದಿದ್ದರೆ ಹೊಸ ಬ್ರಷ್ ಸಹ ಬೇಗ ಸವೆಯುತ್ತದೆ. ಸುರುಳಿ ಸುಟ್ಟ ವಾಸನೆ ಬಂದರಂತೂ ಹೊಸ ಮೋಟರೇ ಗತಿ.

ಸುಲಭವೆಂದರೆ ಹೊಸ ಮೋಟರ್. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಕಳಚಿದ್ದರೆ ಉಳಿದದ್ದು ಬೋಲ್ಟ್ ಮತ್ತು ತಂತಿಯ ಕೆಲಸ. ಬ್ರಷ್ ಕೂರಿಸುವಾಗ ಸ್ಪ್ರಿಂಗ್‌ಗಳು ಎಗರಿ ತಾಳ್ಮೆ ಕೆಡಿಸುತ್ತವೆ. ಬಿಡುವಿದ್ದು, ಕಿಕ್ಕರ್‌ನಿಂದ ದಿನದೂಡಬಲ್ಲವರಿಗೆ ಬ್ರಷ್ ಒಪ್ಪುತ್ತದೆ. ನಿತ್ಯ ಕಚೇರಿಗೆ ಹೊರಡಬೇಕಾದವರಿಗೆ ಹೊಸ ಮೋಟರ್. ಆ್ಯಕ್ಟಿವಾ 6ಜಿಯಂತಹ ಸದ್ದಿಲ್ಲದೆ ಚಾಲೂ ಆಗುವ ಗಾಡಿಗಳಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟರ್ ಇಲ್ಲವಾದ್ದರಿಂದ ಈ ಆಯ್ಕೆಯೇ ಬರುವುದಿಲ್ಲ.