ಮೋಲ್ಡ್‌ನಲ್ಲಿ ಪೈಪ್ ದಾಟಿಸಲು: ಸ್ಲೀವ್, ಕೋರ್ ಕಟಿಂಗ್, ಇಲ್ಲಾ ಹೊರಗೋಡೆ?

ನನ್ನ ವೋಟು ಸ್ಲೀವ್‌ಗೆ, ಅಂದರೆ ತೂತಿಗೆಂದು ಕಾಂಕ್ರೀಟ್‌ಗೂ ಮುಂಚೆ ಇಡುವ ದೊಡ್ಡ ಪೈಪ್ ತುಂಡಿಗೆ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನಾವು ಕೊಂಡದ್ದು ನೆಲಮಹಡಿಯ ಮೋಲ್ಡ್ (ಕಾಂಕ್ರೀಟ್ ಛಾವಣಿ) ಮುಗಿದು ನಿಂತಿದ್ದ ಮನೆ. ಪೈಪಿಗೆ ಒಂದು ತೂತೂ ಬಿಟ್ಟಿರಲಿಲ್ಲ. ಹಾಗಾಗಿ ಮೊದಲ ಮಹಡಿಯ ಟಾಯ್ಲೆಟ್‌ಗೆ ಕೋರ್ ಕಟಿಂಗ್ ಮಾಡಿಸಿದೆವು, ಅಂದರೆ ಗಟ್ಟಿಯಾದ ಮೋಲ್ಡನ್ನು ಯಂತ್ರದಲ್ಲಿ ದುಂಡಗೆ ಕೊರೆಸಿದೆವು. ಮೇಲಿನ ಮೋಲ್ಡ್ ನಾವೇ ಹಾಕಿಸಿದ್ದು, ಅಲ್ಲಿ ಸ್ಲೀವ್. ಅಕ್ಕನ ಮನೆಯಲ್ಲಿ ಎಲ್ಲ ಪೈಪೂ ಹೊರಗೋಡೆಯ ಮೇಲೆ.

ಕೋರ್ ಕಟಿಂಗ್‌ನ ಸದ್ದು, ಗೋಡೆ ಮೇಲೆ ಇಳಿಯುವ ಸಿಮೆಂಟ್ ಕೆಸರು, ಇವೆಲ್ಲ ಒಂದು ದಿನದ ಗೋಳು. ನಿಜವಾದ ತಲೆನೋವು ಪೈಪಿನ ಸುತ್ತ ಉಳಿಯುವ ಸಂದಿ. ನಮ್ಮದು 110 ಎಂಎಂ ಪೈಪ್, ಕೊರೆದದ್ದು 5 ಇಂಚಿನ ಬಿಟ್‌ನಲ್ಲಿ. ಸುತ್ತ ಕಿರುಬೆರಳೂ ತೂರದಷ್ಟು ಜಾಗ. ಅದರೊಳಗೆ ಗಾರೆ ತುಂಬುವುದು ಹೇಗೆ? ಗಾರೆಯವರು ಮೇಲೊಂದು ಕೈ, ಕೆಳಗೊಂದು ಕೈ ಬಳಿದರು. ನಡುವೆ ಪೂರ್ತಿ ಟೊಳ್ಳು.

ಬಾತ್‌ರೂಮ್ ಬಳಕೆ ಶುರುವಾದ ಮೇಲೆ ಕೆಳಗಿನ ಸೀಲಿಂಗ್‌ನಲ್ಲಿ ಪೈಪಿನ ಸುತ್ತ ಹಳದಿ ಉಂಗುರ ಕಾಣಿಸಿತು. ಪೈಪ್ ಒಡೆದಿದೆ ಎಂದೇ ಎಲ್ಲರ ಅನುಮಾನ. ಬಕೆಟ್‌ಗಟ್ಟಲೆ ನೀರು ಸುರಿದು ನೋಡಿದರೆ ಜಾಯಿಂಟ್ ಎಲ್ಲ ಸರಿಯಾಗಿದೆ. ಟೈಲ್ಸ್ ಕೆಳಗೆ ಇಂಗಿದ ನೀರು ಪೈಪಿನ ಮೈ ಹಿಡಿದು ಜಾರುತ್ತಿತ್ತು. ಪಿವಿಸಿ ನುಣುಪು, ಸಿಮೆಂಟ್ ಅದಕ್ಕೆ ಗಟ್ಟಿಯಾಗಿ ಕಚ್ಚುವುದಿಲ್ಲ. ಒಣಗಿ ಕುಗ್ಗಿದರಂತೂ ಕೂದಲೆಳೆಯಷ್ಟು ಬಿರುಕು ಗ್ಯಾರಂಟಿ.

ಕೊನೆಗೆ ಟೈಲ್ಸ್ ಎಬ್ಬಿಸಿ, ಗಾರೆ ಕೆತ್ತಿ, ಪೈಪ್ ತುಂಡು ಬದಲಿಸಿದೆವು. ಹೊಸ ತುಂಡಿನ ಮೈಗೆ ಪೈಪ್ ಅಂಟಿಸುವ ಸಾಲ್ವೆಂಟ್ ಹಚ್ಚಿ, ಅದು ಹಸಿ ಇರುವಾಗಲೇ ಒಣ ಮರಳು ಉದುರಿಸಿದರು. ಒರಟು ಮೈಯಾದರೆ ಹಿಡಿತ ಬರುತ್ತದೆ. ಕೆಳಗೆ ಹಲಗೆ ಕಟ್ಟಿ, ಮೇಲಿಂದ ಸಂದಿ ತುಂಬುವ ಕುಗ್ಗದ ಸಿಮೆಂಟ್ ಮಿಶ್ರಣ, ಗ್ರೌಟ್ ಅನ್ನು ತೆಳ್ಳಗೆ ಕಲಸಿ ಸುರಿದರು. ಅದರ ಮೇಲೆ ವಾಟರ್‌ಪ್ರೂಫಿಂಗ್. ಉಂಗುರ ಮತ್ತೆ ಬರಲಿಲ್ಲ. ಕೊರೆದ ಖರ್ಚಿಗಿಂತ ರಿಪೇರಿ ಖರ್ಚೇ ಜಾಸ್ತಿಯಾಯಿತು.

ಸ್ಲೀವ್‌ನಲ್ಲಿ ಈ ರಗಳೆ ಕಡಿಮೆ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು 6 ಇಂಚಿನ ಪೈಪ್ ತುಂಡಿಗೆ ಮರಳು ಅಂಟಿಸಿ, ಬಾಯಿಗೆ ಥರ್ಮಾಕೋಲ್ ತುರುಕಿ, ಕಂಬಿಗೆ ಬಿಗಿದೆವು. ಒಳಗೆ 110ರ ಪೈಪ್ ಹಾಕಿದರೂ ಗ್ರೌಟ್ ಇಳಿಯಲು ಧಾರಾಳ ಜಾಗ. ಕಂಬಿ ಕತ್ತರಿಸುವ ಮಾತೇ ಇಲ್ಲ, ಪಕ್ಕಕ್ಕೆ ಸರಿಸಿ ಕಟ್ಟಿದರಾಯಿತು. ಕೋರ್ ಬಿಟ್‌ಗೆ ಕಲ್ಲೂ ಒಂದೇ, ಕಂಬಿಯೂ ಒಂದೇ. ಒಂದು ಎಚ್ಚರ: ಮೋಲ್ಡ್ ದಿನ ಪ್ಲಂಬರ್ ಸೈಟಿನಲ್ಲೇ ಇರಲಿ. ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ತಗುಲಿದರೆ ಸ್ಲೀವ್ ಜಾರುತ್ತದೆ.

ಬೀಮಿನ ವಿಷಯ ಬೇರೆ. ನಮ್ಮದು 18 ಇಂಚು ಆಳದ ಬೀಮ್. ಇಂಜಿನಿಯರ್ ಅದರಲ್ಲಿ ಒಪ್ಪಿದ್ದು ವಾಷ್‌ಬೇಸಿನ್ ಪೈಪಿಗೆ 4 ಇಂಚಿನ ಸ್ಲೀವ್ ಮಾತ್ರ. ಅದೂ ಆಳದ ನಡುವೆ, ಪಿಲ್ಲರ್‌ನಿಂದ ದೂರ, ತೂತಿನ ಅಕ್ಕಪಕ್ಕ ಹೆಚ್ಚುವರಿ ರಿಂಗ್ ಕಟ್ಟಿಸಿ. ಪಿಲ್ಲರ್ ಹತ್ತಿರ ಶಿಯರ್ (ಬೀಮನ್ನು ಕತ್ತರಿಸುವಂಥ ಬಲ) ಜಾಸ್ತಿ, ತಳದಲ್ಲಿ ಮುಖ್ಯ ಕಂಬಿ, ಎರಡೂ ಕಡೆ ಕೈ ಹಾಕುವ ಹಾಗಿಲ್ಲ. ಬೀಮಿಗೆ ಅಡ್ಡ ಹಾಯುವ ಪೈಪಿನ ಇಳಿಜಾರಿನ ಲೆಕ್ಕವನ್ನೂ ಮೊದಲೇ ಹಾಕಬೇಕು. 40ಕ್ಕೆ 1ರಂತೆ ಇಳಿದರೆ 10 ಅಡಿಗೆ 3 ಇಂಚು. ಮರೆತರೆ ಪೈಪ್ ಒಂದು ಕಡೆ, ತೂತು ಒಂದು ಕಡೆ.

ಪಿಲ್ಲರ್ ಒಳಗೆ ಮಳೆನೀರಿನ ಪೈಪ್ ಇಳಿಸೋಣ ಎಂದು ಯಾರಾದರೂ ಅಂದರೆ ಬೇಡವೇ ಬೇಡ. ಉಳಿ ಸುತ್ತಿಗೆಯಲ್ಲಿ ಬೀಮ್ ಒಡೆಯುವುದೂ ಅಷ್ಟೇ.

ಅಕ್ಕನ ಮನೆಯ ಹೊರಗೋಡೆ ಪೈಪ್ ನೋಡಲು ಚೆಂದವಿಲ್ಲ, ಆದರೆ ಬ್ಲಾಕ್ ಆದರೆ ಏಣಿ ಇಟ್ಟು ಮುಚ್ಚಳ ಬಿಚ್ಚಿದರೆ ಮುಗಿಯಿತು. ಸೈಟಿಗೆ ದಿನಾ ಹೋಗಲು ಆಗದವರಿಗೆ ಅದೇ ವಾಸಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸೈಟ್ ಸುತ್ತುವವನು, ಪೈಪ್ ತುಂಡು ಬಿಟ್ಟರೆ ಖರ್ಚೂ ಇಲ್ಲ, ಹಾಗಾಗಿ ಸ್ಲೀವ್. ಮೋಲ್ಡ್ ಆಗಿಹೋಗಿದ್ದರೆ ಮೊದಲು ಸ್ಕ್ಯಾನರ್‌ನಲ್ಲಿ ಕಂಬಿ ಗುರುತಿಸಿ. ಇಂಜಿನಿಯರ್ ಒಪ್ಪಿದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ 6 ಇಂಚಿನ ಬಿಟ್ ಕೇಳಿ.