ಎಸಿಯ ಔಟ್‌ಡೋರ್ ಫ್ಯಾನ್ ಮೋಟರ್ ಸುಟ್ಟರೆ: ರೀವೈಂಡಿಂಗೋ, ರೆಡಿ ಮೋಟರೋ, ಕಂಪನಿ ಮೋಟರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೀವೈಂಡಿಂಗಿಗೆ, ಅಂದರೆ ಸುಟ್ಟ ಮೋಟರಿನ ತಂತಿ ತೆಗೆದು ಹೊಸದಾಗಿ ಸುತ್ತಿಸುವುದಕ್ಕೆ. ಮೂರನ್ನೂ ನಮ್ಮ ಮನೆಯಲ್ಲೇ ಹಾಕಿಸಿ ನೋಡಿದ್ದೇನೆ. ಅಮ್ಮನ ಕೋಣೆಯ ಎಸಿಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯಿಂದ ಸಿದ್ಧವಾಗಿ ಸಿಗುವ ರೆಡಿ ಮೋಟರ್ ತಂದು ದುಡ್ಡು ಕಳೆದುಕೊಂಡೆ, ಆಮೇಲೆ ಸುಟ್ಟುಹೋಗಿದ್ದ ಹಳೆಯದನ್ನೇ ರೀವೈಂಡ್ ಮಾಡಿಸಿದೆ. ಹಾಲಿನ ಎಸಿಗೆ ಅದರ ಮರುವರ್ಷ ಎಸಿ ಕಂಪನಿಯವರದೇ ಮೋಟರ್ ಬಂತು.

ನಮ್ಮ ಮನೆ ವಿಜಯನಗರದಲ್ಲಿ, ಮೂರನೇ ಮಹಡಿ, ತಲೆಯ ಮೇಲೆ ಕಾದ ಆರ್‌ಸಿಸಿ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರು 38 ಡಿಗ್ರಿ ದಾಟಿತಲ್ಲ, ಆ ದಿನಗಳಲ್ಲೇ ಅಮ್ಮನ ಎಸಿ ಕೈಕೊಟ್ಟಿತು. ಒಂದೂವರೆ ಟನ್ನಿನ ಹಳೇ ಸ್ಪ್ಲಿಟ್, ವೇಗ ತಾನೇ ಹೊಂದಿಸಿಕೊಳ್ಳುವ ಇನ್ವರ್ಟರ್ ಬಗೆಯದಲ್ಲ. ಹತ್ತು ನಿಮಿಷ ತಣ್ಣಗೆ ಬೀಸುತ್ತಿತ್ತು, ಆಮೇಲೆ ಬರೀ ಗಾಳಿ. ಮೊದಲು ಬಂದ ಮೆಕ್ಯಾನಿಕ್ ಒಳಗಿನ ಯೂನಿಟ್ ಮುಟ್ಟಿ ನೋಡಿ, ‘ಗ್ಯಾಸ್ ಹೋಗಿದೆ’ ಅಂದ. ನಾನು ಯುಟಿಲಿಟಿ ಬಾಲ್ಕನಿಗೆ ಹೋಗಿ ನೋಡಿದರೆ ಹೊರಗಿನ ಫ್ಯಾನು ಗುಂಯ್ ಅನ್ನುತ್ತಾ ನಿಂತೇ ಇತ್ತು. ಆ ಫ್ಯಾನು ನಿಂತರೆ ಹೊರಗಿನ ಯೂನಿಟ್ಟಿನ ಕೊಳವೆ ಸುರುಳಿಯ (ಕಂಡೆನ್ಸರ್ ಕಾಯಿಲಿನ) ಬಿಸಿ ಹೊರಗೆ ಹೋಗುವುದಿಲ್ಲ, ಒಳಗೆ ಒತ್ತಡ ಏರುತ್ತದೆ, ಗ್ಯಾಸನ್ನು ಒತ್ತುವ ಕಂಪ್ರೆಸರ್ ಹೊರೆ ಹೆಚ್ಚಾಗಿ ತಾನೇ ಆಫ್ ಆಗುತ್ತದೆ. ಗ್ಯಾಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಯಾರಾದರೂ ನೇರವಾಗಿ ಗ್ಯಾಸ್ ಸಿಲಿಂಡರ್ ಹೊತ್ತು ಬಂದರೆ, ಮೊದಲು ಬಾಲ್ಕನಿಗೆ ಕರೆದುಕೊಂಡು ಹೋಗಿ.

ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ಪುಟ್ಟ ಭಾಗವನ್ನು ಬದಲಿಸಿ ನೋಡುವುದು ಮೊದಲ ಹೆಜ್ಜೆ. ನಮ್ಮ ಫ್ಯಾನಿನದು 2.5 ಮೈಕ್ರೋಫ್ಯಾರಡ್, ನೂರಿಪ್ಪತ್ತು ರೂಪಾಯಿ. ಎಷ್ಟೋ ಮನೆಗಳಲ್ಲಿ ರೋಗ ಅಲ್ಲಿಗೇ ವಾಸಿಯಾಗುತ್ತದೆ, ನಮ್ಮಲ್ಲಿ ಆಗಲಿಲ್ಲ. ಎಂಸಿಬಿ ಇಳಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ನಿಂತಿರುತ್ತದೆ, ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ. ಕೊನೆಗೆ ಮೋಟರ್ ಬಿಚ್ಚಿದಾಗ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು.

ಅವತ್ತೇ ಮಧ್ಯಾಹ್ನ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದೆ. ಅಮ್ಮನಿಗೆ ಎಪ್ಪತ್ತೆಂಟು, ರಾತ್ರಿ ಸೆಕೆಗೆ ಎದ್ದು ಕೂರುತ್ತಿದ್ದರು, ಹಾಗಾಗಿ ನನಗೆ ಅವಸರ. ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಹಳೇ ಮೋಟರ್ ಇಟ್ಟು ತೋರಿಸಿದೆ. ಶಾಫ್ಟ್ ದಪ್ಪ ಸರಿಹೊಂದಿತು, ಸ್ಕ್ರೂ ಹಾಕುವ ಕಿವಿಗಳ ತೂತು ಸರಿಹೊಂದಿತು, ವೈರು ಮೂರೇ. ‘ಎಲ್ಲಾ ಎಸಿಗೂ ಆಗುತ್ತೆ’ ಅಂದರು. ಸಾವಿರದ ಒಂಬೈನೂರು ಕೊಟ್ಟು ತಂದೆ.

ಸಂಜೆ ಕೂರಿಸಿದೆವು. ಫ್ಯಾನ್ ಜೋರಾಗಿಯೇ ತಿರುಗಿತು. ಆದರೆ ಹತ್ತು ನಿಮಿಷಕ್ಕೆ ಕಂಪ್ರೆಸರ್ ಮತ್ತೆ ಆಫ್. ಕಾರಣ ತಿಳಿದದ್ದು ಬಾಲ್ಕನಿಯ ಹಗ್ಗದ ಮೇಲೆ ಒಣಗಲು ಹಾಕಿದ್ದ ಟವೆಲ್ಲಿನಿಂದ. ಮುಂದಿನ ಜಾಲರಿಯ ಗಾಳಿಗೆ ಅದು ಈಚೆಗೆ ಹಾರಬೇಕಿತ್ತು. ಹಾರುವ ಬದಲು ಜಾಲರಿಗೆ ಮೆತ್ತಿಕೊಂಡಿತ್ತು. ಮೋಟರ್ ಉಲ್ಟಾ ತಿರುಗುತ್ತಿತ್ತು! ಹಿಂದಿನ ಕಾಯಿಲಿನ ಮೂಲಕ ಗಾಳಿ ಎಳೆದು ಮುಂದಕ್ಕೆ ತಳ್ಳಬೇಕಾದ ಫ್ಯಾನು ಮುಂದಿನಿಂದ ಎಳೆದು ಕಾಯಿಲಿನ ಕಡೆಗೆ ತಳ್ಳುತ್ತಿತ್ತು. ರೆಕ್ಕೆಯ ಓರೆ ಇನ್ನೊಂದು ದಿಕ್ಕಿಗೆಂದು ಮಾಡಿದ್ದಾದ್ದರಿಂದ ಆ ಗಾಳಿಗೂ ಬಲವಿರಲಿಲ್ಲ.

ಮೆಕ್ಯಾನಿಕ್ ‘ಇದೇನು ದೊಡ್ಡದಲ್ಲ’ ಎಂದು ಕೆಪಾಸಿಟರಿನ ಹತ್ತಿರ ಎರಡು ವೈರು ಅದಲುಬದಲು ಮಾಡಿದ. ದಿಕ್ಕು ಸರಿಯಾಯಿತು, ಟವೆಲ್ ಹಾರಿತು, ನಾನು ಅವನಿಗೆ ಕೂಲಿ ಕೊಟ್ಟು ಕಳಿಸಿದೆ. ಮುಕ್ಕಾಲು ಗಂಟೆಗೆ ಫ್ಯಾನ್ ನಿಂತಿತು. ಮೋಟರಿನ ಮೈ ಮುಟ್ಟಲಾಗದಷ್ಟು ಕಾದಿತ್ತು. ಆರಿದ ಮೇಲೆ ತಾನೇ ಶುರುವಾಯಿತು, ಮತ್ತೆ ನಿಂತಿತು. ರಾತ್ರಿಯಿಡೀ ಇದೇ.

ಹೀಗಾದದ್ದು ಯಾಕೆಂದು ನನಗೆ ಆಮೇಲೆ ರೀವೈಂಡಿಂಗ್ ಮೇಸ್ತ್ರಿ ಬಿಡಿಸಿ ಹೇಳಿದರು. ಮೋಟರಿನಲ್ಲಿ ತಂತಿ ಸುತ್ತಿದ ಎರಡು ಕಾಯಿಲ್ ಇರುತ್ತವೆ, ರನ್ನಿಂಗ್ ಸುತ್ತು ಮತ್ತು ಸ್ಟಾರ್ಟಿಂಗ್ ಸುತ್ತು. ಎರಡೂ ಒಂದೇ ದಪ್ಪದ ತಂತಿಯಲ್ಲಿ, ಒಂದೇ ಲೆಕ್ಕದಲ್ಲಿ ಸುತ್ತಿದ್ದರೆ ವೈರು ಅದಲುಬದಲು ಮಾಡಿ ದಿಕ್ಕು ತಿರುಗಿಸಬಹುದು, ಏನೂ ಆಗುವುದಿಲ್ಲ. ಆದರೆ ಇಂಥ ಮೋಟರುಗಳಲ್ಲಿ ಸ್ಟಾರ್ಟಿಂಗ್ ಸುತ್ತು ಸಾಮಾನ್ಯವಾಗಿ ತೆಳು ತಂತಿಯದು. ಅದಲುಬದಲಾದಾಗ ರನ್ನಿಂಗಿನ ಹೊರೆ ಅದರ ಮೇಲೆ ಬಿದ್ದು ಕಾಯುತ್ತದೆ, ಅತಿಯಾಗಿ ಕಾದರೆ ಕರೆಂಟ್ ತಡೆಯುವ ಒಳಗಿನ ಥರ್ಮಲ್ ಪ್ರೊಟೆಕ್ಟರ್ ಕಟ್ ಆಗುತ್ತದೆ. ಸರಿಯಾದ ದಾರಿಯೆಂದರೆ ಮೋಟರ್ ಬಿಚ್ಚಿ ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿಗಳನ್ನಷ್ಟೇ ಅದಲುಬದಲು ಮಾಡುವುದು. ಹೊರಗಿನಿಂದ ಅದು ಆಗುವುದಿಲ್ಲ, ಹೊಸ ಮೋಟರಿನಲ್ಲಿ ಆ ತುದಿಯೊಂದು ಒಳಗೇ ಎರಡೂ ಸುತ್ತಿಗೆ ಸೇರಿದ ಕಾಮನ್ ವೈರಿಗೆ ಬೆಸೆದಿರುತ್ತದೆ.

ಮರುದಿನ ಅಂಗಡಿಗೆ ಹೋದರೆ, ‘ಕನೆಕ್ಷನ್ ಬದಲಾಯಿಸಿದ್ದೀರಿ, ವಾಪಸ್ ತಗೊಳ್ಳಲ್ಲ.’ ನಾನು ಮೋಟರಿನ ಚೀಟಿಯ ಮೇಲಿನ ಬಾಣದ ಗುರುತು ನೋಡದೆ ತಂದಿದ್ದು ನಿಜ, ಆದರೆ ಕೊಡುವವರು ಒಂದು ಮಾತು ಕೇಳಬಹುದಿತ್ತು. ನೀವು ರೆಡಿ ಮೋಟರ್ ತರುವುದೇ ಆದರೆ, ಬಿಚ್ಚುವ ಮುಂಚೆ ಫ್ಯಾನಿನ ಫೋಟೋ ತೆಗೆದು ಯಾವ ಕಡೆ ತಿರುಗಬೇಕೆಂದು ಅದರ ಮೇಲೆ ಗುರುತು ಹಾಕಿಕೊಳ್ಳಿ. ಬಲಕ್ಕೆ, ಎಡಕ್ಕೆ ಅಂದರೆ ಸಾಲದು, ಶಾಫ್ಟ್ ಇರುವ ಕಡೆಯಿಂದ ನೋಡಿದಾಗ ಎಂದು ಹೇಳಿ. ಹಿಂದಿನಿಂದ ನೋಡಿದರೆ ಅದೇ ಬಲ ಎಡವಾಗುತ್ತದೆ. ವೇಗವನ್ನೂ ಕೇಳಿ. ಆರು ಪೋಲಿನದು (ಒಳಗೆ ಆರು ಕಾಂತಧ್ರುವ ಇರುವ ಮೋಟರ್) ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ ಸಾವಿರ ಸುತ್ತಿನೊಳಗೆ ತಿರುಗುತ್ತದೆ, ಎಂಟು ಪೋಲಿನದು ಏಳುನೂರೈವತ್ತರೊಳಗೆ. ನಿಧಾನದ್ದು ಬಂದರೆ ಏಪ್ರಿಲ್ ಬಿಸಿಲಿಗೆ ಸಾಲುವುದಿಲ್ಲ.

ಕಲಾಸಿಪಾಳ್ಯದ ಕಡೆಯ ಒಂದು ಓಣಿಯಲ್ಲಿ ಆ ಮೇಸ್ತ್ರಿ ಸಿಕ್ಕರು. ಹಳೇ ಮೋಟರ್ ಬಿಚ್ಚಿ, ಕರಕಲಾದ ಕಾಯಿಲ್ ಕತ್ತರಿಸಿ, ಕೂತು ಒಂದೊಂದೇ ಸುತ್ತು ಎಣಿಸಿದರು. ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ತಾಮ್ರವೇ ಬೇಕು ಅಂದೆ. ‘ನಾನು ಅಲ್ಯೂಮಿನಿಯಂ ಮುಟ್ಟಲ್ಲ’ ಅಂದರು. ಸುತ್ತಿ, ದಾರದಲ್ಲಿ ಬಿಗಿದು, ವಾರ್ನಿಷಿನಲ್ಲಿ ಅದ್ದಿ, ಬಿಸಿಯಲ್ಲಿ ಒಣಗಿಸಿ ಮೂರನೇ ದಿನ ಕೊಟ್ಟರು. ಎರಡೂ ಬೇರಿಂಗ್ ಹೊಸದು. ಎಲ್ಲ ಸೇರಿ ಸಾವಿರದ ನಾನೂರು. ಅದೇ ಶಾಫ್ಟ್, ಅದೇ ಕಿವಿ, ಅದೇ ದಿಕ್ಕು, ಅದೇ ವೇಗ. ಹೊಂದಿಸುವ ತಾಪತ್ರಯವೇ ಇಲ್ಲ. ಅದಾಗಿ 2025ರ ಬೇಸಿಗೆಯೂ ಕಳೆಯಿತು, ಒಂದು ದಿನವೂ ನಿಲ್ಲಲಿಲ್ಲ. ಫ್ಯಾನಿನ ಸದ್ದು ಮೊದಲಿಗಿಂತ ಕಮ್ಮಿ, ಅದು ಬೇರಿಂಗಿನ ಗುಣ.

ರೀವೈಂಡ್ ಮಾಡುವವರನ್ನು ಒಂದು ವಿಷಯ ಒತ್ತಿ ಕೇಳಿ: ಥರ್ಮಲ್ ಪ್ರೊಟೆಕ್ಟರ್ ವಾಪಸ್ ಹಾಕುತ್ತೀರಾ? ಕೆಲವರು ಅದನ್ನು ಕಿತ್ತು ನೇರ ಜೋಡಿಸಿಬಿಡುತ್ತಾರೆ. ಬೇರಿಂಗ್ ಹಿಡಿದು ಫ್ಯಾನ್ ನಿಂತ ದಿನ ಆ ಮೋಟರ್ ಹೊಗೆಯಾಡುತ್ತದೆ.

ಎಲ್ಲ ಮೋಟರಿಗೂ ರೀವೈಂಡಿಂಗ್ ನಡೆಯುವುದಿಲ್ಲ. ರೆಸಿನ್ ತುಂಬಿ ಮುಚ್ಚಿದ್ದನ್ನು ಬಿಚ್ಚಲಾಗದು. ಇನ್ವರ್ಟರ್ ಎಸಿಗಳ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರಿಗೆ ಸಾಮಾನ್ಯವಾಗಿ ಐದು ವೈರು, ಒಳಗೇ ಸರ್ಕ್ಯೂಟ್, ಹೋಗುವುದು ಸುಮಾರು 310 ವೋಲ್ಟ್ ಡಿಸಿ. ಹಾಲಿನಲ್ಲಿರುವುದು ಅಂಥದ್ದೇ, ಆದ್ದರಿಂದ ಕಂಪನಿಗೆ ಫೋನ್ ಮಾಡಿದೆವು. ಮೋಟರ್, ವಿಸಿಟ್ ಎಲ್ಲ ಸೇರಿ ಐದೂವರೆ ಸಾವಿರ, ಭಾಗ ಬರಲು ಹನ್ನೊಂದು ದಿನ. ಬಂದ ಮೇಲೆ ಕೆಲಸ ಅಚ್ಚುಕಟ್ಟು, ಅರ್ಧ ಗಂಟೆಯಲ್ಲಿ ಮುಗಿಯಿತು. ದೂರಲು ಏನೂ ಇಲ್ಲ, ಬೆಲೆಯೊಂದು ಬಿಟ್ಟು.

ನಮ್ಮ ಮನೆಯಲ್ಲಿ ಎಸಿ ಹಾಕುವುದು ಮಾರ್ಚಿನಿಂದ ಮೇ ನಡುವಿನವರೆಗೆ, ಅದೂ ರಾತ್ರಿ ನಾಲ್ಕೈದು ಗಂಟೆ. ಇಷ್ಟಕ್ಕೆ ಹಳೇ ಯೂನಿಟ್ಟಿನ ಮೇಲೆ ಐದು ಸಾವಿರ ಹಾಕಲು ನನಗೆ ಮನಸ್ಸಿಲ್ಲ. ಶನಿವಾರ ಮಾರ್ಕೆಟ್ಟಿಗೆ ಹೋಗುವುದು ನನಗೆ ಹೇಗೂ ರೂಢಿ, ಹೂವು ತರಕಾರಿಯ ಜೊತೆ ಮೋಟರೂ ಒಂದು ಚೀಲ. ರೀವೈಂಡಿಂಗ್ ಮುಗಿಯುವ ತನಕ ಮೂರು ದಿನ ಅಮ್ಮ ಹಾಲಿನಲ್ಲಿ ಮಲಗಿದರು. ಬಾಡಿಗೆ ಮನೆ, ರಜೆ ಸಿಗದ ಕೆಲಸ, ಎಸಿ ಇನ್ನೂ ಹೊಸದು ಅನ್ನುವವರು ಕಂಪನಿಯವರನ್ನೇ ಕರೆಯಲಿ. ರೆಡಿ ಮೋಟರನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಆ ಸಾವಿರದ ಒಂಬೈನೂರರ ಮೋಟರ್ ಈಗಲೂ ಅಟ್ಟದ ಮೇಲಿದೆ. ಬಿಚ್ಚಿ ಸ್ಟಾರ್ಟಿಂಗ್ ತುದಿ ಬದಲಾಯಿಸಿ ಕೊಡುತ್ತೇನೆ, ಮುನ್ನೂರು ಸಾಕು ಅಂದಿದ್ದಾರೆ ಮೇಸ್ತ್ರಿ. ಮುಂದಿನ ಸಲ ಮಾರ್ಕೆಟ್ಟಿಗೆ ಹೋಗುವಾಗ ಒಯ್ಯುತ್ತೇನೆ.