ಚೆಂಡೆ ನಿಂತಾಗ ಒಂದು ಶಟರ್, ಚೆಂಡೆ ಎದ್ದಾಗ ಇನ್ನೊಂದು: ಎರಡು ತಿರುಗಾಟ ಕಂಡ ಮಿರರ್‌ಲೆಸ್ ಕ್ಯಾಮೆರಾ

24 ಮೆಗಾಪಿಕ್ಸೆಲ್, ಎಪಿಎಸ್-ಸಿ ಸೆನ್ಸರ್, ಎಫ್ 2.8 ಜೂಮ್ ಸೇರಿ ಒಂದೂಕಾಲು ಲಕ್ಷದ ಆಸುಪಾಸಿನ ಮಿರರ್‌ಲೆಸ್ ಇದು. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಕೆಳಗಿನ ಗುಣವೂ ದೋಷವೂ ಈ ಬೆಲೆಯ ಬಹುಪಾಲು ಕ್ಯಾಮೆರಾಗಳಿಗೆ ಸಲ್ಲುತ್ತವೆ. ಸ್ಪೆಕ್ ಪಟ್ಟಿ ನೀವು ನೋಡಿಯೇ ಇರುತ್ತೀರಿ, ಅದನ್ನೂ ಬಿಟ್ಟಿದ್ದೇನೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಹಾಗೆ ಎರಡು ತಿರುಗಾಟ, ನಡುವೆ ಕಂಬಳದ ಕೋಣಗಳ ಓಟ, ಜೊತೆಗೆ ಎರಡು ಪೂರ್ತಿ ಮಳೆಗಾಲ. ಮಂಗಳೂರು-ಉಡುಪಿ ಕಡೆ ಕ್ಯಾಮೆರಾ ಹಿಡಿಯುವವರಿಗೆ ಬೇಕಾದ ಪರೀಕ್ಷೆ ಇದೇ.

ಮೊದಲು ಮನಸ್ಸು ಗೆದ್ದದ್ದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್. ವೇಷ, ಕುಣಿತ ಇಲ್ಲದ ತಾಳಮದ್ದಳೆಯಲ್ಲಿ ಅರ್ಥಧಾರಿ (ಪಾತ್ರದ ಮಾತು ಆಡುವವರು) ಮಾತು ನಿಲ್ಲಿಸಿ ಎದುರಿನವರ ಮುಖ ನೋಡುವ ಒಂದು ಕ್ಷಣ ಇದೆಯಲ್ಲ, ಅಲ್ಲಿ ಡಿಎಸ್‌ಎಲ್‌ಆರ್‌ನ ಕನ್ನಡಿ ‘ಟಪಕ್’ ಎಂದರೆ ಮುಂದಿನ ಸಾಲಿನ ಹಿರಿಯರು ತಿರುಗಿ ನೋಡುತ್ತಾರೆ, ತಿರುಗಲೇಬೇಕು. ಈ ಕ್ಯಾಮೆರಾದಲ್ಲಿ ಹತ್ತು ಫ್ರೇಮ್ ತೆಗೆದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕನ್ನಡಿ ಹಿಡಿದು ಬಣ್ಣ ಬರೆಯುತ್ತ ಕುಳಿತ ಕಲಾವಿದರ ಬಳಿಯೂ ಹಾಗೆಯೇ, ಅವರ ಗಮನ ಕದಡುವುದಿಲ್ಲ. ಇದೊಂದಕ್ಕೇ ಹಣ ಕೊಡಬಹುದು ಅನ್ನಿಸುತ್ತದೆ.

ಸಿಟ್ಟು ಬರುವುದು ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ತೆರೆದಾಗ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಸುತ್ತ ಚುಟ್ಟಿಯ, ಅಂದರೆ ಅಕ್ಕಿಹಿಟ್ಟಿನ ಚುಕ್ಕೆಗಳ, ಬಿಳಿ ಸಾಲು ಒಂದೇ ಸಮ ಹೊಳೆಯಬೇಕು. ಆದರೆ ಮೇಲಿನ ನಾಲ್ಕಾರು ಚುಕ್ಕೆ ಬಿಳಿ, ಕೆಳಗಿನವು ಕಂದು ಕಲಸಿದ ಹಳದಿ, ಮತ್ತೆ ಬಿಳಿ, ಮತ್ತೆ ಮಸುಕು. ರಂಗಸ್ಥಳದ ಹಿಂದಿನ ಪರದೆ ನೋಡಿದರೆ ಅಡ್ಡಡ್ಡ ನಾಲ್ಕು ಪಟ್ಟೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ತೆಗೆದ ಚಿತ್ರದಲ್ಲಿ ಅವೇ ಪಟ್ಟೆ ನೆಟ್ಟಗೆ ನಿಂತಿರುತ್ತವೆ. ಕ್ಯಾಮೆರಾದ ಹಿಂಬದಿಯ ಸಣ್ಣ ಸ್ಕ್ರೀನಿನಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ, ಹಾಗಾಗಿ ರಾತ್ರಿಯಿಡೀ ತೆಗೆದ ಮೇಲೆ ಗೊತ್ತಾಗುತ್ತದೆ. ಎಡಿಟಿಂಗ್‌ನಲ್ಲಿ ಸರಿಮಾಡೋಣ ಅಂದರೆ ಪ್ರತಿ ಫ್ರೇಮಿನಲ್ಲೂ ಪಟ್ಟೆಯ ಜಾಗ ಬೇರೆ, ಬೆಳಕಿನ ಜೊತೆ ಬಣ್ಣವೂ ಬೇರೆ. ಒಂದು ಚಿತ್ರಕ್ಕೆ ಅರ್ಧ ಗಂಟೆ ಕೂತರೂ ಪೂರ್ತಿ ಹೋಗುವುದಿಲ್ಲ.

ಕಾರಣ ಹೀಗೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಅಗ್ಗದ ಎಲ್‌ಇಡಿ ಫ್ಲಡ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರು ಇಡೀ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಈ ದರ್ಜೆಯ ಸೆನ್ಸರಿಗೆ 4000 ಸಾಲು ಓದಿ ಮುಗಿಸಲು ಸುಮಾರು 40 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ದೀಪ ನಾಲ್ಕು ಸಲ ಏರಿಳಿದಿರುತ್ತದೆ, ನಾಲ್ಕು ಪಟ್ಟೆ ಬಿದ್ದಿರುತ್ತವೆ. ಶಟರ್ ವೇಗ 1/500 ಇಟ್ಟರೂ ಓದುವ ವೇಗ ಬದಲಾಗುವುದಿಲ್ಲ. ಪ್ರತಿ ಸಾಲಿಗೆ ಸಿಗುವ ಬೆಳಕು ಮಾತ್ರ 2 ಮಿಲಿಸೆಕೆಂಡಿನದ್ದಾಗಿ ಪಟ್ಟೆ ಇನ್ನಷ್ಟು ಎದ್ದು ಕಾಣುತ್ತದೆ. ‘ಶಟರ್ ಸ್ಪೀಡು ಏರಿಸಿದರೆ ಸರಿಹೋಗುತ್ತದೆ’ ಎಂದು ಸಲಹೆ ಕೊಡುವವರು ಇದೊಂದನ್ನು ಗಮನಿಸಬೇಕು.

ವೇದಿಕೆಯ ಬಣ್ಣದ ಪಾರ್ ಲೈಟುಗಳದ್ದು ಬೇರೆ ತರಹ. ಬೆಳಕು ತಗ್ಗಿಸಲು ಅವು ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಸೆಕೆಂಡಿಗೆ ನೂರಾರು, ಕೆಲವು ಸಾವಿರಾರು ಸಲ ಹಚ್ಚಿ ಆರಿಸುತ್ತವೆ. ಅಲ್ಲಿ ನಾಲ್ಕು ದಪ್ಪ ಪಟ್ಟೆಯ ಬದಲು ಬಾಚಣಿಗೆಯ ಹಲ್ಲಿನಂತೆ ಸಣ್ಣ ಬಣ್ಣದ ಗೆರೆಗಳು.

ಹಾಗಾದರೆ ಮೆಕ್ಯಾನಿಕಲ್ ಶಟರಿಗೆ ಹೋಗೋಣ. ಅದರ ಪರದೆ ಸೆನ್ಸರನ್ನು ದಾಟಲು ಸುಮಾರು 4 ಮಿಲಿಸೆಕೆಂಡ್ ಸಾಕು, ದೀಪದ ಅರ್ಧ ಸುತ್ತೂ ಆಗಿರುವುದಿಲ್ಲ. ಪಟ್ಟೆ ಇಲ್ಲ. ಆದರೆ ವೇಗದ ಶಟರಿನಲ್ಲಿ ಒಂದು ಫ್ರೇಮ್ ಬೆಳಗಿರುತ್ತದೆ, ಮುಂದಿನದು ಮಂಕು, ಕೆಲವು ಮೇಲೆ ಬೆಳಕು ಕೆಳಗೆ ಕತ್ತಲೆ. ಅದಕ್ಕೆ ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದೆ. ಆನ್ ಮಾಡಿದರೆ ಕ್ಯಾಮೆರಾ ದೀಪದ ಮಿನುಗನ್ನು ಅಳೆದು, ಬೆಳಕು ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಶಟರ್ ಬಿಡುತ್ತದೆ. ಸೆಕೆಂಡಿಗೆ ಸಿಗುವ ಫ್ರೇಮ್ ಒಂದೆರಡು ಕಡಿಮೆಯಾಗುತ್ತದೆ, ಗುಂಡಿ ಒತ್ತಿದ್ದಕ್ಕೂ ಚಿತ್ರ ಬಿದ್ದದ್ದಕ್ಕೂ ಕೂದಲೆಳೆ ಅಂತರ ಬರುತ್ತದೆ. ಇದು 100 ಮತ್ತು 120 ಹರ್ಟ್ಸ್ ಮಿನುಗಿಗೆ ಮಾತ್ರ. ಪಾರ್ ಲೈಟಿಗೆ ಉಪಯೋಗವಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಇದ್ದಾಗ ಇದು ಕೆಲಸವನ್ನೂ ಮಾಡುವುದಿಲ್ಲ.

ಎಲೆಕ್ಟ್ರಾನಿಕ್ ಶಟರಿಗೂ ಒಂದು ದಾರಿ ಉಂಟು: ವೇಗವನ್ನು ಸರಿಯಾಗಿ 1/100ಕ್ಕೆ ನಿಲ್ಲಿಸುವುದು. ಆಗ ಪ್ರತಿ ಸಾಲಿಗೂ ದೀಪದ ಪೂರ್ತಿ ಒಂದು ಸುತ್ತಿನ ಬೆಳಕು ಸಿಗುತ್ತದೆ, ಪಟ್ಟೆ ಮಾಯ. 1/50 ಆದರೆ ಎರಡು ಸುತ್ತು, ಅದೂ ಸರಿ. 1/125ಕ್ಕೆ ಹೋದಿರೋ, ಸುತ್ತು ಪೂರ್ತಿಯಾಗದೆ ತೆಳ್ಳಗೆ ಪಟ್ಟೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪಾರ್ ಲೈಟಿನ ಸಣ್ಣ ಗೆರೆಗಳೂ 1/100ರಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ.

ಇಲ್ಲಿಗೆ ಬಂದ ಮೇಲೆ ಸಿಟ್ಟು ಇಳಿಯುತ್ತದೆ, ಯಾಕೆಂದರೆ ಆಟದ ಕ್ರಮಕ್ಕೂ ಈ ಲೆಕ್ಕಕ್ಕೂ ಅಚ್ಚರಿಯಾಗುವಷ್ಟು ಹೊಂದಿಕೆ ಇದೆ. ಮೌನ ಬೇಕಾಗುವುದು ಅರ್ಥ ಹೇಳುವಾಗ. ಆಗ ವೇಷಧಾರಿ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತಾರೆ, ಕೈ ಮತ್ತು ಹುಬ್ಬು ಮಾತ್ರ ಆಡುತ್ತವೆ, 1/100 ಧಾರಾಳ. ವೇಗ ಬೇಕಾಗುವುದು ತೆಂಕುತಿಟ್ಟಿನ ಧೀಂಗಿಣಕ್ಕೆ (ಗಿರಕಿ ಹೊಡೆದು ಹಾರುವ ಕುಣಿತ), ಬಡಗುತಿಟ್ಟಿನ ಮಂಡಿಗೆ (ಮೊಣಕಾಲೂರಿ ತಿರುಗುವ ಕುಣಿತ). ಆಗ ಚೆಂಡೆಯ ಅಬ್ಬರದಲ್ಲಿ ಮೆಕ್ಯಾನಿಕಲ್ ಶಟರಿನ ಸದ್ದು ತೆಗೆಯುವವರ ಕಿವಿಗೇ ಕೇಳುವುದಿಲ್ಲ! ಹಾಗಾಗಿ ಡಯಲಿನ ಎರಡು ಕಸ್ಟಮ್ ಸ್ಥಾನಗಳನ್ನು ಇದಕ್ಕೇ ಮೀಸಲಿಡಿ:

ಸಿ1, ಮಾತಿಗೆ: ಎಲೆಕ್ಟ್ರಾನಿಕ್ ಶಟರ್, 1/100, ಎಫ್ 2.8ರಿಂದ 4, ಒಂದೊಂದೇ ಫ್ರೇಮ್.
ಸಿ2, ಕುಣಿತಕ್ಕೆ: ಮೆಕ್ಯಾನಿಕಲ್ ಶಟರ್, 1/320, ಎಫ್ 2.8, ಆಂಟಿ-ಫ್ಲಿಕರ್ ಆನ್, ಕಂಟಿನ್ಯುಯಸ್ ಫೋಕಸ್.

ಭಾಗವತರ ಪದ ಏರಿ ಚೆಂಡೆಗೆ ಕೋಲು ಬಿದ್ದದ್ದೇ ಡಯಲನ್ನು ಒಂದು ಹಲ್ಲು ತಿರುಗಿಸುವುದು, ಬಿಡ್ತಿಗೆ (ಕುಣಿತ ಮುಗಿಸುವ ಬಡಿತ) ಆದ ಮೇಲೆ ವಾಪಸು ತರುವುದು. ನಾಲ್ಕೈದು ಆಟದಲ್ಲಿ ಹೆಬ್ಬೆರಳಿಗೆ ಇದು ರೂಢಿಯಾಗುತ್ತದೆ. ಸಿ1ರಲ್ಲಿ ಐಎಸ್‌ಒ 1600 ಸಾಕಾಗುವ ರಂಗಸ್ಥಳದಲ್ಲಿ ಸಿ2ಕ್ಕೆ 5000 ಬೇಕು, ಆದ್ದರಿಂದ ಆಟೋ ಐಎಸ್‌ಒದ ಮೇಲ್ಮಿತಿ 6400ಕ್ಕೆ ಇಡಿ. ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಕಡಿಮೆ ಇರಲಿ. ಕಿರೀಟದ ಬೇಗಡೆ ಒಮ್ಮೆ ಬೆಳ್ಳಗೆ ಸುಟ್ಟರೆ ರಾ ಫೈಲಿನಲ್ಲೂ ಮರಳುವುದಿಲ್ಲ. ಆಟೋ ವೈಟ್ ಬ್ಯಾಲೆನ್ಸ್ ಕೆಂಪು ವೇಷ ಬಂದ ಕೂಡಲೇ ಇಡೀ ಚಿತ್ರವನ್ನು ನೀಲಿಗೆ ಎಳೆಯುತ್ತದೆ. ಬಿಳಿ ಪರದೆಯನ್ನೋ ಪಂಚೆಯನ್ನೋ ನೋಡಿ ಒಂದು ಕೆಲ್ವಿನ್ ಅಂಕಿಗೆ ಕಟ್ಟಿಹಾಕಿ.

ಮುಖ ಗುರುತಿಸುವ ಫೋಕಸ್ ಸ್ತ್ರೀವೇಷ, ಪುಂಡುವೇಷಗಳಿಗೆ ಅಂಟಿಕೊಂಡಂತೆ ಇರುತ್ತದೆ. ಬಣ್ಣದ ವೇಷ ಬಂದರೆ ಕೈಕೊಡುತ್ತದೆ. ಅಷ್ಟು ಬಣ್ಣ, ಚುಟ್ಟಿ, ದೊಡ್ಡ ಕಿರೀಟದ ನಡುವೆ ಮನುಷ್ಯನ ಮುಖ ಇದೆಯೆಂದು ಅದಕ್ಕೆ ತಿಳಿಯುವುದೇ ಇಲ್ಲ, ಎದೆಯ ಪದಕಕ್ಕೋ ಹಿಂದಿನ ಹಿಮ್ಮೇಳದವರ ಮುಖಕ್ಕೋ ಹಾರುತ್ತದೆ. ಆಗ ಸಣ್ಣ ಚೌಕದ ಫೋಕಸ್ ತೆಗೆದುಕೊಂಡು ಮೂಗಿನ ಮೇಲಿಡುವುದೇ ದಾರಿ.

ಬ್ಯಾಟರಿ: ಪೂರ್ತಿ ರಾತ್ರಿಯ ಆಟಕ್ಕೆ ಮೂರು, ಕೆಲವೇ ಗಂಟೆಯ ಕಾಲಮಿತಿ ಆಟಕ್ಕೆ ಎರಡು. ಅಷ್ಟೇ.

ಕಂಬಳಕ್ಕೆ ಸದ್ದಿನ ಹಂಗೇ ಇಲ್ಲ, ಅಲ್ಲಿ ಎಲೆಕ್ಟ್ರಾನಿಕ್ ಶಟರನ್ನು ಮರೆತುಬಿಡಿ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿವರೆಗೆ ಕೋಣಗಳ ಜೊತೆ ಕ್ಯಾಮೆರಾ ತಿರುಗಿಸುವಾಗ ಹಗಲಾದರೂ ಹಿಂದಿನ ಕಂಬಗಳೆಲ್ಲ ವಾಲಿರುತ್ತವೆ, ಕೋಣದ ಕಾಲು ಸೊಟ್ಟಗಾಗಿರುತ್ತದೆ. ಸಾಲು ಸಾಲಾಗಿ ಓದುವುದರ ಫಲವೇ ಇದು. ಮೆಕ್ಯಾನಿಕಲ್, ಹಗಲಿಗೆ 1/1600, ಹೊನಲು ಬೆಳಕಿಗೆ 1/640 ಮತ್ತು ಆಂಟಿ-ಫ್ಲಿಕರ್. ಪ್ರಾಣಿ ಗುರುತಿಸುವ ಫೋಕಸ್ ನಾಯಿ, ಬೆಕ್ಕು, ಹಕ್ಕಿಗೆ ಚುರುಕು. ಕೆಸರುನೀರಿನ ಹಿಂದೆ ತಲೆ ತಗ್ಗಿಸಿ ಬರುವ ಕೋಣವನ್ನು ಬಿಟ್ಟುಬಿಡುತ್ತದೆ. ಮನುಷ್ಯರ ಫೋಕಸ್ ಇಟ್ಟು ಓಡಿಸುವವರನ್ನೇ ಹಿಡಿದರೆ ಒಳ್ಳೆಯದು. ಎಫ್ 5.6ರಲ್ಲಿ ಕೋಣಗಳೂ ಸಾಕಷ್ಟು ಸ್ಪಷ್ಟವಾಗಿ ಬರುತ್ತವೆ. ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ಸ್ಪರ್ಧೆಯಲ್ಲಿ ನೀರು ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗುವುದನ್ನು ತೆಗೆಯುವವರು ಫೋಕಸನ್ನು ಮೊದಲೇ ನಿಶಾನೆಯ ಕೆಳಗಿನ ಕರೆಗೆ (ಓಟದ ಕೆಸರು ಜಾಡಿಗೆ) ಇಟ್ಟು ಲಾಕ್ ಮಾಡಿಬಿಡಿ.

ಇನ್ನು ಮಳೆಗಾಲ. ಕರಾವಳಿಯಲ್ಲಿ ಕ್ಯಾಮೆರಾಕ್ಕೆ ವಯಸ್ಸಾಗುವುದು ಬಳಕೆಯಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದೊಳಗೆ ಮಲಗಿ. ಗಾಳಿಯ ತೇವ 60-70 ಶೇಕಡಾ ದಾಟಿ ದಿನಗಟ್ಟಲೆ ನಿಂತರೆ ಲೆನ್ಸಿನೊಳಗೆ ಬೂಷ್ಟು ಹುಟ್ಟುತ್ತದೆ. ಇಲ್ಲಿ ಆಷಾಢದಲ್ಲಿ 90ರ ಹತ್ತಿರ ಇರುವುದು ಮಾಮೂಲು. ಜೇಡನ ಬಲೆಯ ಎಳೆಯಂತೆ ಅಂಚಿನಿಂದ ಶುರುವಾಗಿ, ಬಿಟ್ಟರೆ ಗಾಜಿನ ಲೇಪವನ್ನೇ ಕೊರೆಯುತ್ತದೆ. ಎಂಟು-ಹತ್ತು ಸಾವಿರದ 30 ಲೀಟರ್ ಡ್ರೈ ಕ್ಯಾಬಿನೆಟ್ ಇಲ್ಲಿ ಶೋಕಿಯಲ್ಲ. 45 ಶೇಕಡಾಕ್ಕೆ ಇಡಿ. ‘ಇನ್ನೂ ಒಣಗಲಿ’ ಎಂದು 30ಕ್ಕಿಂತ ಕೆಳಗೆ ಇಳಿಸಿದರೆ ಹಿಡಿಕೆಯ ರಬ್ಬರ್, ಲೆನ್ಸಿನ ಗ್ರೀಸ್ ಒಣಗುತ್ತವೆ. ಕರೆಂಟು ಹೋದರೆ ಗಾಬರಿ ಬೇಡ, ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ಒಳಗಿನ ಒಣಹವೆ ನಿಲ್ಲುತ್ತದೆ.

ಕ್ಯಾಬಿನೆಟ್ಟಿನ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು, ಒದ್ದೆ ಮರಳಿನಷ್ಟು ಹದವಾಗುವಂತೆ ಕೆಲವು ಹನಿ ನೀರು. ಅದನ್ನು ಬಿಡಿ ಹೈಗ್ರೋಮೀಟರ್ ಜೊತೆ ಜಿಪ್ ಕವರಿನಲ್ಲಿ ಮುಚ್ಚಿ ಹನ್ನೆರಡು ಗಂಟೆ ಬಿಡಿ. 75 ತೋರಿಸಬೇಕು. 70 ತೋರಿಸಿದರೆ ಆ ಮೀಟರು 5 ಕಡಿಮೆ ಹೇಳುತ್ತಿದೆ ಎಂದರ್ಥ. ಈಗ ಅದನ್ನು ಕ್ಯಾಬಿನೆಟ್ಟಿನೊಳಗಿಟ್ಟು ಎರಡನ್ನೂ ಹೋಲಿಸಿ. ಕ್ಯಾಬಿನೆಟ್ಟಿಗೆ ಹಣವಿಲ್ಲದವರು ಗಾಳಿಯಾಡದ ಡಬ್ಬಿ ಮತ್ತು ಕಾಲು ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಳಸಬಹುದು. ಅದು ಹಸಿರಾದಾಗ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಅಕ್ಕಿಯಲ್ಲಿ ಹೂತಿಡುವುದಂತೂ ಬೇಡವೇ ಬೇಡ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಇಳಿಯುತ್ತದೆ.

ಮಲ್ಪೆ, ಕಾಪು, ಪಣಂಬೂರಿನಿಂದ ಬಂದ ದಿನ ಕೆಲಸ ಹತ್ತು ನಿಮಿಷ ಹೆಚ್ಚು. ಮೊದಲು ಬ್ಲೋವರಿನಿಂದ ಹೊಯಿಗೆ (ಮರಳು) ಹಾರಿಸುವುದು. ಹಾರಿಸದೆ ಒರೆಸಿದರೆ ಒರೆಸುವ ಬಟ್ಟೆಯೇ ಉಪ್ಪುಕಾಗದ. ಆಮೇಲೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿಬಟ್ಟೆಯಿಂದ ಬಾಡಿ, ಲೆನ್ಸಿನ ಉಂಗುರ, ಪಟ್ಟಿಯ ಕೊಕ್ಕೆ, ಟ್ರೈಪಾಡ್ ತೂತು. ಉಪ್ಪು ಒಣಬಟ್ಟೆಗೆ ಬರುವುದಿಲ್ಲ, ನೀರಿಗೇ ಬರಬೇಕು. ಕೊನೆಗೆ ಒಣಬಟ್ಟೆ, ಫ್ಯಾನಿನಡಿ ಅರ್ಧ ಗಂಟೆ, ಅನಂತರ ಕ್ಯಾಬಿನೆಟ್. ಚೀಲವನ್ನು ಒಳಗಿಡಬೇಡಿ, ಅದೇ ತೇವದ ಗೂಡು. ಇನ್ನೊಂದು: ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆಯಬಾರದು. ಹೊರಗೆ 27 ಡಿಗ್ರಿ, 90 ಶೇಕಡಾ ತೇವ ಇದ್ದರೆ 25 ಡಿಗ್ರಿಗಿಂತ ತಣ್ಣಗಿನ ಯಾವ ಗಾಜಿನ ಮೇಲೂ ಹನಿ ಕೂರುತ್ತದೆ. ಜಿಪ್ ಎಳೆದ ಚೀಲದಲ್ಲೇ ಅರ್ಧ ಗಂಟೆ ಇರಲಿ.

ಹೊಸತಕ್ಕೆ ಬದಲಿಸಬೇಕೇ ಎಂಬ ಚರ್ಚೆ ಕ್ಯಾಮೆರಾ ಹಿಡಿಯುವ ನಾಲ್ಕು ಜನ ಸೇರಿದಲ್ಲೆಲ್ಲ ನಡೆಯುತ್ತದೆ. 40 ಮೆಗಾಪಿಕ್ಸೆಲ್ ಬಂದಿದೆಯಲ್ಲ ಎನ್ನುವವರಿಗೆ ಉತ್ತರ: ಸಾಲು 4000 ಇದ್ದದ್ದು 5000 ದಾಟುತ್ತದೆ, ಓದುವ ವೇಗ ಹೆಚ್ಚಿಸದಿದ್ದರೆ ಪಟ್ಟೆ ಕೂಡ ಹೆಚ್ಚು. ಪಟ್ಟೆಗೆ ನಿಜವಾದ ಮದ್ದು ಬೇರೆ. 2021ರ ನಿಕಾನ್ ಝಡ್9ನಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ಅದರ ಸ್ಟ್ಯಾಕ್ಡ್ (ಪದರ ಪದರವಾಗಿ ಜೋಡಿಸಿದ) ಸೆನ್ಸರು ಮೆಕ್ಯಾನಿಕಲ್ ಶಟರಿನಷ್ಟೇ ಬೇಗ ಓದಿ ಮುಗಿಸುತ್ತದೆ. 2023ರ ಸೋನಿ ಎ9 ತ್ರೀ ಗ್ಲೋಬಲ್ ಶಟರಿನದ್ದು, ಎಲ್ಲ ಸಾಲು ಒಮ್ಮೆಗೇ. ಎರಡೂ ಹವ್ಯಾಸದ ಬಜೆಟ್ಟಿಗೆ ದೂರ. ಎಚ್ಚರ ಬೇಕಾದದ್ದು ನಮ್ಮ ಬೆಲೆಯ ವಿಡಿಯೋ ಕ್ಯಾಮೆರಾಗಳಲ್ಲಿ: 2024ರ ಸೋನಿ ಝಡ್‌ವಿ-ಇ10 ಟು ಮಾದರಿಯಲ್ಲೂ ಮೆಕ್ಯಾನಿಕಲ್ ಶಟರ್ ಇಲ್ಲ, ಆದರೆ ಅದರ ಸೆನ್ಸರು ಸ್ಟ್ಯಾಕ್ಡ್ ಅಲ್ಲ. ವಿಡಿಯೋ ಮಾಡುವವರಿಗೆ ಅದು ಒಪ್ಪುವ ಆಯ್ಕೆ. ಧೀಂಗಿಣ ತೆಗೆಯುವವರಿಗೆ ಸಿ2 ಎಂಬುದೇ ಇಲ್ಲವಾಗುತ್ತದೆ. ಈ ಕ್ಯಾಮೆರಾವನ್ನು ಇನ್ನೂ ಎರಡು ತಿರುಗಾಟ ಇಟ್ಟುಕೊಳ್ಳುವುದೇ ನನ್ನ ತೀರ್ಮಾನ, ಬದಲಿಸುವ ಹಣ 56 ಎಂಎಂ ಎಫ್ 1.4 ಲೆನ್ಸಿಗೆ.

ಅಂಗಡಿಗೆ ಹೋಗುವವರು ಮನೆಯಿಂದ ಒಂದು ಅಗ್ಗದ 9 ವ್ಯಾಟ್ ಎಲ್‌ಇಡಿ ಬಲ್ಬ್ ಒಯ್ಯಿರಿ. ಅಲ್ಲಿ ಹೋಲ್ಡರಿಗೆ ಹಾಕಿಸಿ, ಬಿಳಿ ಗೋಡೆಗೆ ಬೆಳಕು ಬೀಳಲಿ. ಎಲೆಕ್ಟ್ರಾನಿಕ್ ಶಟರ್, 1/1000, ಐಎಸ್‌ಒ ಬೇಕಾದಷ್ಟು ಏರಿಸಿ ಗೋಡೆಯ ಚಿತ್ರ ತೆಗೆಯಿರಿ. ಮಸುಕು ಪಟ್ಟೆ ಎಣಿಸಿ: ಒಂದಕ್ಕೆ 10 ಮಿಲಿಸೆಕೆಂಡ್. ನಾಲ್ಕಿದ್ದರೆ ಮೇಲೆ ಬರೆದದ್ದೆಲ್ಲ ಆ ಕ್ಯಾಮೆರಾಕ್ಕೂ ಅನ್ವಯ. ಎರಡೇ ಇದ್ದರೆ ಸ್ವಲ್ಪ ಹೆಚ್ಚು ಹಣ ಕೊಡಬಹುದು. ಒಂದೂ ಕಾಣದಿದ್ದರೆ ಖುಷಿಪಡುವ ಮೊದಲು ಫೋನಿನ ಸ್ಲೋ ಮೋಷನ್‌ನಲ್ಲಿ ಬಲ್ಬ್ ನೋಡಿ. ಅದು ಮಿನುಗದ ಒಳ್ಳೆಯ ಬಲ್ಬೂ ಆಗಿರಬಹುದು.